ಕೊಡಗಿನಲ್ಲಿ ‘ಕಾರ್ಯಪ್ಪ’ ಸರ್‌ನೇಮ್ ಆಗುತ್ತದೆಯೇ?

ಫಲಕ_ಮಡಿಕೇರಿ: ಶಾಲೆಯ ಗೋಡೆಗೆ ‘ಒಂದೇ ಸರ್‌ನೇಮಿನ ಹೆಸರಾಂತ ಕೊಡಗಿನವರು’ ಅಂತ ಫಲಕ ಬರೆಸಬೇಕು. ಕಾರ್ಯಪ್ಪ, ತಿಮ್ಮಯ್ಯ, ಬೋಪಣ್ಣ, ಪೊನ್ನಪ್ಪ ಎಂದು ನಾಲ್ಕು ಗುಂಪು ಮಾಡಿದರೆ ಸರಿಯೇ? ಪೇಂಟರಿಗೆ ಕೊಡುವ ಮೊದಲು ತಿಳಿದವರು ಹೇಳಿ.

ಐನ್‌ಮನೆ: ದಯವಿಟ್ಟು ಹಾಗೆ ಬರೆಸಬೇಡಿ. ನಾಲ್ಕೂ ಇಟ್ಟ ಹೆಸರುಗಳು. ಕೊಡವರಲ್ಲಿ ಸರ್‌ನೇಮಿನ ಜಾಗದಲ್ಲಿರುವುದು ಒಕ್ಕದ (ಮನೆತನದ) ಹೆಸರು, ಅಂದರೆ ಮನೆಪೆದ. ಅದು ಮೊದಲು ಬರುತ್ತದೆ, ನಡುವೆ ತಂದೆಯ ಹೆಸರು, ಕೊನೆಗೆ ಸ್ವಂತದ್ದು. ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೆ.ಎಸ್. ತಿಮ್ಮಯ್ಯ ಎಂದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ನೀವು ಎರಡು ಗುಂಪಿಗೆ ಹಾಕಿದವರು ನಿಜಕ್ಕೂ ಒಂದೇ ಮನೆಪೆದದವರು!

ಹಾಗಾಗಿ ಮೊದಲ ಗುಂಪಿಗೆ ‘ಕೊಡಂದೇರ’ ಎಂದೇ ತಲೆಬರಹ ಕೊಡಿ. ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, 1986ರಲ್ಲಿ ಫೀಲ್ಡ್ ಮಾರ್ಷಲ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತಿದ್ದಾಗಲೇ ತೀರಿಕೊಂಡರು. ಕಾರ್ಯಪ್ಪನವರ ಮಗ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ ಅವರನ್ನೂ ಸೇರಿಸಿ, 1965ರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕ ಪೈಲಟ್ ಅವರೇ. ಅಲ್ಲಿ ‘ಸಿ’ ತಂದೆಯ ಹೆಸರು. ‘ಎಂ’ ಅಂತ ಬಿದ್ದರೆ ಮಗ ಹೋಗಿ ಅಪ್ಪ ಆಗಿಬಿಡುತ್ತಾರೆ.

ಕಾವೇರಿ_ತೀರ: ಬೋಪಣ್ಣ, ಪೊನ್ನಪ್ಪ ಇನ್ನೊಂದು ಬಗೆಯ ತೊಡಕು. ಟೆನಿಸ್‌ನ ರೋಹನ್ ಮಚ್ಚಂಡ ಒಕ್ಕದವರು, ಬ್ಯಾಡ್ಮಿಂಟನ್‌ನ ಅಶ್ವಿನಿ ಮಾಚಿಮಂಡ. ಬೋಪಣ್ಣ, ಪೊನ್ನಪ್ಪ ಅವರವರ ತಂದೆಯ ಹೆಸರು, ಅರ್ಜಿ ಫಾರಂಗಳ ದೆಸೆಯಿಂದ ಕೊನೆಗೆ ಹೋಗಿ ಕೂತಿವೆ. ಮಚ್ಚಂಡ, ಮಾಚಿಮಂಡ ಬೇರೆ ಬೇರೆ ಒಕ್ಕ. ಕಿವಿಗೆ ಹತ್ತಿರ ಕೇಳುತ್ತದೆಂದು ಒಂದೇ ಸಾಲಿಗೆ ಸೇರಿಸಬೇಡಿ.

ಐನ್‌ಮನೆ: ಕಾಗುಣಿತದ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಿಂದ ಮರಳಿ ಕನ್ನಡಕ್ಕೆ ತರುವಾಗ ‘ಕೊಡಂದೇರ’ ಹೋಗಿ ‘ಕೋದಂಡೇರ’ ಆಗುತ್ತದೆ, ಡ ಮತ್ತು ದ ಅದಲುಬದಲು. ಅನುಮಾನ ಬಂದರೆ ಕೊಡವ ಹಾಕಿ ಉತ್ಸವದ ಪಂದ್ಯಪಟ್ಟಿ ಕನ್ನಡ ಪತ್ರಿಕೆಗಳಲ್ಲಿ ಬಂದಿರುತ್ತದೆ, ಅದನ್ನು ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್‌ನಿಂದ ಶುರುವಾದ ಆ ಉತ್ಸವದಲ್ಲಿ ತಂಡಗಳು ಆಡುವುದೇ ಒಕ್ಕದ ಹೆಸರಿನಲ್ಲಿ.

ಫಲಕ_ಮಡಿಕೇರಿ: 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರಿಗೂ ಇದೇ ಲೆಕ್ಕವೇ?

ಕಾವೇರಿ_ತೀರ: ಅವರು ಕೊಡವರಲ್ಲ, ಅರೆಭಾಷೆ ಆಡುವ ಗೌಡ ಸಮುದಾಯದವರು. ಅಲ್ಲೂ ಮನೆತನದ ಹೆಸರೇ ಮುಂದೆ, ಹಾಗಾಗಿ ‘ಗುಡ್ಡೆಮನೆ’ ಅಂತಲೇ ತಲೆಬರಹ ಹಾಕಿಸಿ. ‘ಗೌಡ’ ಎಂಬ ಗುಂಪು ಬೇಡ.