ಮಳೆ ಹೊಳವಾದ ಮೇಲೆ ಬಸವನಹುಳುವಿನ ಮ್ಯಾಕ್ರೋ ಚಿತ್ರ: ಕಣ್ಣು ಸ್ಪಷ್ಟ, ಚಿಪ್ಪು ಮಸುಕು

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಬೇಲಿಯಲ್ಲಿ ಮಳೆ ಹೊಳವಾದೊಡನೆ ಬಸವನಹುಳುಗಳು ಹತ್ತಿಕೊಂಡು ಬರುತ್ತವೆ. ಎರಡು ವಾರಗಳಿಂದ ಅತಿ ಹತ್ತಿರದಿಂದ ತೆಗೆಯಲು ಬಳಸುವ 100 ಮಿ.ಮೀ. ಮ್ಯಾಕ್ರೋ ಲೆನ್ಸಿನಲ್ಲಿ ಅವುಗಳ ಚಿತ್ರ ತೆಗೆಯಲು ಪ್ರಯತ್ನಿಸುತ್ತಿದ್ದೇನೆ. ಎದುರಿನಿಂದ ತೆಗೆದರೆ ಕೊಂಬಿನ ತುದಿಯ ಕಣ್ಣು ಸ್ಪಷ್ಟವಾಗಿ ಬರುತ್ತದೆ, ಆದರೆ ಹಿಂದಿನ ಚಿಪ್ಪಿನ ಸುರುಳಿಗಳು ಪೂರ್ತಿ ಮಸುಕಾಗುತ್ತವೆ. ಲೆನ್ಸಿನ ಬೆಳಕಿನ ರಂಧ್ರವನ್ನು ಎಫ್/22ರಷ್ಟು ಕಿರಿದಾಗಿಸಿದರೆ ಇಡೀ ಚಿತ್ರವೇ ಮಂಕಾಗುತ್ತದೆ. ಫ್ಲ್ಯಾಶ್ ಬಳಸಿದರೆ ಲೋಳೆಯ ಮೇಲೆ ಬಿಳಿಯ ಕಲೆಗಳು ಮೂಡುತ್ತವೆ. ಹಲವು ಚಿತ್ರಗಳನ್ನು ತೆಗೆದು ಜೋಡಿಸುವ ಸ್ಟ್ಯಾಕಿಂಗ್ ವಿಧಾನದಿಂದ ಪ್ರಯೋಜನವಾದೀತೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಲೆನ್ಸಿನಲ್ಲಿ ದೋಷವಿಲ್ಲ. ಹುಳುವಿನ ನಿಜಗಾತ್ರವೇ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಮೂಡುವಷ್ಟು ಹತ್ತಿರ ಹೋದಾಗ, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದೂಕಾಲು ಮಿಲಿಮೀಟರಿನಷ್ಟು ಮಾತ್ರ. ಕಣ್ಣಿಗೂ ಚಿಪ್ಪಿಗೂ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು ದೂರವಿರುತ್ತದೆ. ಅರ್ಧ ಗಾತ್ರ ಸಾಕೆಂದು ಸ್ವಲ್ಪ ಹಿಂದೆ ಸರಿದರೆ ಅದೇ ಎಫ್/11ರಲ್ಲಿ ಸುಮಾರು ನಾಲ್ಕು ಮಿಲಿಮೀಟರ್ ಆಳ ಸಿಗುತ್ತದೆ. ಆಮೇಲೆ ಚಿತ್ರದ ಅಂಚುಗಳನ್ನು ಕತ್ತರಿಸಿಕೊಳ್ಳಬಹುದು. ನಾನಂತೂ ಯಾವಾಗಲೂ ಈ ದಾರಿಯನ್ನೇ ಹಿಡಿಯುತ್ತೇನೆ. ಎಫ್/22ರಲ್ಲಿ ಚಿತ್ರ ಮಂಕಾಗುವುದಕ್ಕೆ ಕಾರಣ ವಿವರ್ತನೆ: ನಿಜಗಾತ್ರದ ಹತ್ತಿರದಲ್ಲಿ ಲೆನ್ಸಿನ ಪರಿಣಾಮಕಾರಿ ರಂಧ್ರ ಎಫ್/44ರಷ್ಟು ಕಿರಿದಾಗಿ, ಬೆಳಕು ಅಂಚಿನಲ್ಲಿ ಬಾಗಿ ಹರಡಿ, ಸೂಕ್ಷ್ಮ ಗೆರೆಗಳು ಒಂದರೊಳಗೊಂದು ಕರಗಿಹೋಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ನೀವು ನಿಲ್ಲುವ ಜಾಗ. ಹುಳು ದಾಸವಾಳದ ಕಡ್ಡಿಯನ್ನೋ ಬೇಲಿಯ ಗೂಟವನ್ನೋ ಏರುವಾಗ ಪಕ್ಕದಿಂದ, ಅದರ ಮೈಗೆ ಸೆನ್ಸರ್ ಸಮಾನಾಂತರವಾಗಿರುವಂತೆ ಕ್ಯಾಮೆರಾ ಹಿಡಿಯಿರಿ. ಆಗ ನಿಮ್ಮ ಕಡೆಯ ಕಣ್ಣು, ಕತ್ತು ಮತ್ತು ಚಿಪ್ಪಿನ ಹೊರಮೈ ಹೆಚ್ಚುಕಡಿಮೆ ಒಂದೇ ಸಮತಲಕ್ಕೆ ಬರುತ್ತವೆ. ನಡೆಯುತ್ತಿರುವ ಹುಳುವಿಗೆ ಸ್ಟ್ಯಾಕಿಂಗ್ ಒಗ್ಗುವುದಿಲ್ಲ, ಕೊಂಬುಗಳು ಎರಡೆರಡಾಗಿ ಕಾಣುತ್ತವೆ. ಚಿಪ್ಪಿನೊಳಗೆ ಸೇರಿಕೊಂಡು ಅಲುಗಾಡದೆ ಇರುವಾಗ ಮಾತ್ರ ಪ್ರಯತ್ನಿಸಬಹುದು.

ಎರಡನೆಯ ಉತ್ತರ

ಬೆಳಕಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒದ್ದೆಯಾದ ಲೋಳೆ ಕನ್ನಡಿಯಂತೆ ವರ್ತಿಸುವುದರಿಂದ ಫ್ಲ್ಯಾಶಿನ ಚಿಕ್ಕ ಮುಖವೇ ಅದರಲ್ಲಿ ಬಿಳಿಯ ಕಲೆಯಾಗಿ ಕಾಣುತ್ತದೆ. ಆ ಮುಖವನ್ನು ಹಿಗ್ಗಿಸುವುದೇ ಪರಿಹಾರ. ಹಾಲುಬಿಳುಪಿನ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಲೆನ್ಸಿನ ಮೇಲೆ ಕಮಾನಿನಂತೆ ಬಾಗಿಸಿ, ಹುಳುವಿಗೆ ಆದಷ್ಟು ಹತ್ತಿರವಿಟ್ಟು, ಫ್ಲ್ಯಾಶಿನ ಬೆಳಕು ಅದರ ಮೂಲಕವೇ ಹಾಯುವಂತೆ ಮಾಡಿ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೂಡ ಹೊಳಪನ್ನು ತಗ್ಗಿಸುತ್ತದೆ, ಆದರೆ ಮೋಡದ ದಿನ ಇರುವ ಅಲ್ಪ ಬೆಳಕನ್ನೂ ಅದು ನುಂಗಿಬಿಡುತ್ತದೆ.

ಮೂರನೆಯ ಉತ್ತರ

ದಯವಿಟ್ಟು ಹುಳುವನ್ನು ಕಿತ್ತು ಬೇರೆ ಕಡೆ ಕೂರಿಸಬೇಡಿ. ಮುಟ್ಟಿದರೆ ಅಥವಾ ಹತ್ತಿರದಿಂದ ಉಸಿರು ತಾಗಿದರೆ ಅದು ಕೊಂಬನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಣ್ಣಿರುವುದು ಮೇಲಿನ ಉದ್ದನೆಯ ಎರಡು ಕೊಂಬುಗಳಲ್ಲಿ; ಕೆಳಗಿನ ಚಿಕ್ಕವು ವಾಸನೆ ಮತ್ತು ಸ್ಪರ್ಶಕ್ಕಾಗಿ ಇವೆ. ಆದ್ದರಿಂದ ಮೇಲಿನವು ಪೂರ್ತಿ ಚಾಚುವವರೆಗೂ ಕಾಯಬೇಕು.

ನೀವು ನೋಡುತ್ತಿರುವುದು ಕಂದು ಪಟ್ಟೆಗಳ, ಶಂಖದಂತೆ ಚೂಪಾದ ದೊಡ್ಡ ಚಿಪ್ಪಿನ ಹುಳುವಾದರೆ ಅದು ಆಫ್ರಿಕಾದ ದೈತ್ಯ ಬಸವನಹುಳು ಇರಬಹುದು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದದ್ದು ಇಂದು ಬೆಳೆಗಳನ್ನು ಕಾಡುತ್ತಿದೆ. ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಹುಳು ಅದರ ಮೈಯಲ್ಲಿ ಇರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟದಿರಿ, ಮುಟ್ಟಿದರೆ ಸೋಪಿನಿಂದ ಕೈ ತೊಳೆಯಿರಿ. ಹಳದಿಯಿಂದ ಕೆಂಪಿನವರೆಗಿನ ಮೈಬಣ್ಣದ, ಚಿಪ್ಪು ಮೈಗೆ ಸಾಲದಂತೆ ಕಾಣುವ ಇಂಡ್ರೆಲ್ಲಾ ಎಂಬ ಬಸವನಹುಳು ಸಿಕ್ಕಿದರೆ ನೀವು ಭಾಗ್ಯವಂತರು. ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ಅದು ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಸಂಜೆ ಮಳೆ ನಿಂತ ಮೇಲೆ ಪಕ್ಕದಿಂದ, ಅರ್ಧ ಗಾತ್ರದಲ್ಲಿ, ಎಫ್/11ರಲ್ಲಿ ತೆಗೆದೆ. ಚಿಪ್ಪಿನ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದು. ಹಾಳೆಯ ಡಿಫ್ಯೂಸರನ್ನು ನಾಳೆ ಮಾಡುತ್ತೇನೆ.