ಬ್ರಾಯ್ಲರ್ ಕೋಳಿಗೆ ಎಷ್ಟು ಪ್ರೋಟೀನ್? ಚೀಲದ ಫೀಡ್‌ಗೆ ನುಚ್ಚಕ್ಕಿ ಬೆರೆಸಬಹುದೇ?

ಕೇಳಿದವರು: ಕಾರಟಗಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಕಂಪನಿಯ ಒಪ್ಪಂದದಲ್ಲಿ ಕೋಳಿ ಸಾಕಿದೆ. ಮರಿ ಅವರದು, ಫೀಡ್ ಅವರದು, ಸಾಕಿದ ಕೂಲಿ ಮಾತ್ರ ನನ್ನದು. ಈ ಸಲ ಸ್ವಂತವಾಗಿ ಆರುನೂರು ಮರಿ ಬಿಡಬೇಕೆಂದಿದ್ದೇನೆ. ಫೀಡ್ ಅಂಗಡಿಯಲ್ಲಿ ಚೀಲದ ದರ ಕೇಳಿ ಎದೆ ಧಸಕ್ಕೆಂದಿತು. ನಮ್ಮ ಕಡೆ ರೈಸ್ ಮಿಲ್ಲುಗಳಿಗೆ ಬರವಿಲ್ಲ. ನುಚ್ಚಕ್ಕಿ, ತೌಡು ಕೈಗೆಟುಕುವ ದರಕ್ಕೆ ಸಿಗುತ್ತವೆ. ಅದನ್ನೇ ಫೀಡ್‌ಗೆ ಬೆರೆಸಿದರೆ ಆಗದೇ? ಪ್ರೋಟೀನ್ 22 ಬೇಕೆಂದು ಒಬ್ಬರು, 18 ಸಾಕೆಂದು ಇನ್ನೊಬ್ಬರು, ಹೆಚ್ಚಾದಷ್ಟೂ ಒಳ್ಳೆಯದೆಂದು ಮತ್ತೊಬ್ಬರು ಹೇಳುತ್ತಾರೆ. ಮಾಡಿ ನೋಡಿದವರು ತಿಳಿಸಿ.

ಗಂಗಾವತಿಯಿಂದ

ತಮ್ಮಾ, ನೀನು ಕೇಳಿದ್ದನ್ನು ನಾನು ಮಾಡಿಯೇ ಬಿಟ್ಟಿದ್ದೆ. ಐದುನೂರು ಕೋಳಿಯ ಬ್ಯಾಚ್. ಹತ್ತನೇ ದಿನದಿಂದ, ಎಳೆಯ ಮರಿಗೆ ಹಾಕುವ ಸ್ಟಾರ್ಟರ್ ಫೀಡ್ 70 ಕಿಲೋಗೆ ನುಚ್ಚಕ್ಕಿ 30 ಕಿಲೋ ಬೆರೆಸಿದೆ. ಕೋಳಿಗಳು ಬೇಡವೆನ್ನಲಿಲ್ಲ, ಮುಗಿಬಿದ್ದು ತಿಂದವು. ಉಳಿದ ಹಣವನ್ನು ದಿನವೂ ಲೆಕ್ಕ ಹಾಕಿ ಖುಷಿಪಡುತ್ತಿದ್ದೆ.

ನಲವತ್ತನೇ ದಿನಕ್ಕೆ ಎರಡು ಕಿಲೋ ತೂಗಬೇಕಾದವು ಒಂದೂವರೆಯ ಆಸುಪಾಸಿನಲ್ಲಿ ನಿಂತಿದ್ದವು. ಬೆನ್ನ ಮೇಲೆ ಗರಿ ಸರಿಯಾಗಿ ಮುಚ್ಚಿರಲಿಲ್ಲ, ಒಂದನ್ನೊಂದು ಕುಕ್ಕುತ್ತಿದ್ದವು. ಇನ್ನೂ ಒಂಬತ್ತು ದಿನ ಇಟ್ಟುಕೊಂಡು ತಿನ್ನಿಸಿದೆ. ಕೊನೆಗೆ ಕೋಳಿ ಅಂಗಡಿಯವನು ಕರೆದ. ನನ್ನ ಕಣ್ಣೆದುರೇ ಒಂದನ್ನು ಕೊಯ್ದು, ಹೊಟ್ಟೆಯೊಳಗಿನ ಕೊಬ್ಬನ್ನು ಬೆರಳಿನಿಂದ ಬಿಡಿಸಿ ತಕ್ಕಡಿಗೆ ಹಾಕಿದ. ಬೆಣ್ಣೆಯುಂಡೆಯಂತೆ ಮೆತ್ತಗೆ ಕುಳಿತಿತ್ತು. “ಅಣ್ಣಾ, ಇದನ್ನು ಗಿರಾಕಿ ನನ್ನ ಮುಖಕ್ಕೆ ಎಸೆಯುತ್ತಾನೆ” ಎಂದ. ಎದೆಯ ಮಾಂಸ ಮಾತ್ರ ಚಪ್ಪಟೆ.

ಆಮೇಲೆ ಲೆಕ್ಕ ಹಾಕಿ ಕುಳಿತೆ. ಸ್ಟಾರ್ಟರ್‌ನಲ್ಲಿ ಪ್ರೋಟೀನ್ ಶೇ. 22, ನುಚ್ಚಕ್ಕಿಯಲ್ಲಿ ಸುಮಾರು ಶೇ. 8. ಎಪ್ಪತ್ತು ಕಿಲೋದಿಂದ 15.4, ಮೂವತ್ತು ಕಿಲೋದಿಂದ 2.4, ಒಟ್ಟು 17.8. ಪ್ರೋಟೀನ್ ಇಳಿದದ್ದಷ್ಟೇ ಅಲ್ಲ. ಚೀಲದಲ್ಲಿದ್ದ ವಿಟಮಿನ್, ಖನಿಜ, ರಕ್ತಭೇದಿ ಬಾರದಿರಲು ಹಾಕಿದ ಔಷಧಿ ಎಲ್ಲವೂ ಶೇ. 30ರಷ್ಟು ತೆಳುವಾಗಿದ್ದವು. ಕೋಳಿ ತನಗೆ ಬೇಕಾದ ಶಕ್ತಿ ಸಿಗುವವರೆಗೆ ತಿನ್ನುತ್ತದೆ. ನುಚ್ಚಕ್ಕಿಯಲ್ಲಿ ಶಕ್ತಿ ಬೇಕಾದಷ್ಟಿದೆ, ಮಾಂಸ ಕಟ್ಟುವ ಸರಕು ಇಲ್ಲ. ಮಿಕ್ಕ ಶಕ್ತಿ ಹೊಟ್ಟೆಯ ಕೊಬ್ಬಾಯಿತು.

ತೌಡಿನ ಮಾತು ಬೇಡವೇ ಬೇಡ. ಎಣ್ಣೆ ಇರುವ ತೌಡು ನಾಲ್ಕು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ. ಎಣ್ಣೆ ತೆಗೆದದ್ದರಲ್ಲಿ ನಾರು ಹೆಚ್ಚು; ಬ್ರಾಯ್ಲರ್‌ನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಬಳ್ಳಾರಿಯಿಂದ (ಫೀಡ್ ಮಿಲ್ಲಿನಲ್ಲಿ ಹನ್ನೆರಡು ವರ್ಷ ದುಡಿದವನು)

ಗಂಗಾವತಿಯವರು ಹೇಳಿದ್ದು ಸರಿ, ಆದರೆ ತಪ್ಪು ನುಚ್ಚಕ್ಕಿಯದಲ್ಲ. ನುಚ್ಚಕ್ಕಿ ಒಳ್ಳೆಯ ಧಾನ್ಯ. ಅದನ್ನು ಮೆಕ್ಕೆಜೋಳದ ಜಾಗದಲ್ಲಿ ಕೂರಿಸಬೇಕು, ತಯಾರಾದ ಫೀಡ್‌ನ ಜಾಗದಲ್ಲಿ ಅಲ್ಲ.

ಮೊದಲು ಅಂಕಿಗಳು. ಭಾರತೀಯ ಮಾನಕ ಸಂಸ್ಥೆಯ 2007ರ ಮಾನದಂಡದಂತೆ ಮೊದಲ ವಾರದ ಪ್ರಿಸ್ಟಾರ್ಟರ್‌ಗೆ ಪ್ರೋಟೀನ್ ಶೇ. 23, ಮೂರು ವಾರದವರೆಗಿನ ಸ್ಟಾರ್ಟರ್‌ಗೆ 22, ನಂತರದ ಫಿನಿಶರ್‌ಗೆ 20. ಪ್ರೋಟೀನ್ ಹೀಗೆ ಇಳಿಯುತ್ತ ಹೋದರೆ ಶಕ್ತಿ ಏರುತ್ತ ಹೋಗುತ್ತದೆ: ಕಿಲೋಗೆ 3000, 3100, 3200 ಕಿಲೋ ಕ್ಯಾಲೊರಿ. 22 ಎಂದವರೂ 18 ಎಂದವರೂ ಕೋಳಿಯ ವಯಸ್ಸು ಹೇಳದೆ ಮಾತಾಡಿದ್ದಾರೆ.

ಈಗ ಚೌಕದ ಲೆಕ್ಕ, ಅಂದರೆ ಎರಡು ಸರಕನ್ನು ಎಷ್ಟೆಷ್ಟು ಬೆರೆಸಬೇಕೆಂಬ ಲೆಕ್ಕ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಸುಮಾರು 9, ಅಂಗಡಿಯವರು ಡಿಒಸಿ ಎನ್ನುವ ಸೋಯಾ ಹಿಂಡಿಯಲ್ಲಿ 46, ನಮಗೆ ಬೇಕಾದದ್ದು 22. 46ರಿಂದ 22 ಕಳೆದರೆ 24, ಅದು ಜೋಳದ ಪಾಲು. 22ರಿಂದ 9 ಕಳೆದರೆ 13, ಅದು ಹಿಂಡಿಯ ಪಾಲು. ಕ್ವಿಂಟಲ್‌ಗೆ ಜೋಳ 65, ಹಿಂಡಿ 35. ಜೋಳದ ಬದಲು ಪೂರ್ತಿ ನುಚ್ಚಕ್ಕಿ ಹಾಕಿದರೆ ಅದು 63, ಹಿಂಡಿ 37. ಅಂದರೆ ನುಚ್ಚಕ್ಕಿ ಅಗ್ಗವೆಂದು ಹೊರಟವರು ಕ್ವಿಂಟಲ್‌ಗೆ ಎರಡು ಕಿಲೋ ಹಿಂಡಿ ಹೆಚ್ಚು ಕೊಳ್ಳಬೇಕು. ಎಣ್ಣೆ, ಖನಿಜ, ಉಪ್ಪು, ವಿಟಮಿನ್‌ಗೆ ಇದರಲ್ಲೇ ಜಾಗ ಮಾಡಬೇಕಾದ್ದರಿಂದ ಇದು ಅಂದಾಜು ಲೆಕ್ಕ ಮಾತ್ರ. ನುಚ್ಚಕ್ಕಿಯಲ್ಲಿ ಹಳದಿ ಬಣ್ಣದ ಅಂಶ ಇಲ್ಲ. ಕಾಲು, ಚರ್ಮ ಬಿಳಿಚಿಕೊಂಡಿದ್ದರೆ ಕಾಯಿಲೆಯೆಂದು ಹೆದರಬೇಡಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರೋಟೀನ್ ಎಂಬುದು ಒಂದು ವಸ್ತುವಲ್ಲ, ಅಮೈನೋ ಆಮ್ಲಗಳ ಕೂಟ. ಜೋಳ–ಸೋಯಾ ಮಿಶ್ರಣದಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್, ಆಮೇಲೆ ಲೈಸಿನ್. ಬಂಡಿಯ ಒಂದು ಎತ್ತು ಕುಂಟಿದರೆ ಇನ್ನೊಂದು ಎಷ್ಟೇ ಗಟ್ಟಿಯಾಗಿರಲಿ, ಬಂಡಿಯ ನಡಿಗೆ ಕುಂಟೆತ್ತಿನದೇ. ಟನ್ ಫೀಡ್‌ಗೆ ಒಂದೂವರೆಯಿಂದ ಮೂರು ಕಿಲೋದಷ್ಟು ಮೆಥಿಯೋನಿನ್ ಪುಡಿ ಹಾಕಿದರೆ ಆ ಕುಂಟು ಹೋಗುತ್ತದೆ. ಅದನ್ನು ಹಾಕದೆ ಹಿಂಡಿಯನ್ನೇ ಸುರಿಯುತ್ತ ಹೋದರೆ ಮಿಕ್ಕದ್ದೆಲ್ಲ ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೋಗುತ್ತದೆ. ನೆಲದ ಹೊಟ್ಟು ಒದ್ದೆ, ಶೆಡ್‌ನಲ್ಲಿ ಕಣ್ಣುರಿಯುವ ಅಮೋನಿಯ, ನಿಮ್ಮ ಹಣ ಗೊಬ್ಬರದ ಗುಂಡಿಗೆ.

ಹಿಂಡಿ ಕೊಳ್ಳುವಾಗ ಒಂದು ಎಚ್ಚರ. ಲ್ಯಾಬಿನಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ನಮ್ಮ ಗದ್ದೆಗೆ ಹಾಕುವ ಯೂರಿಯಾದಲ್ಲಿ ಸಾರಜನಕ ಶೇ. 46. ಗುಣಿಸಿದರೆ 287! ಒಂದು ಕ್ವಿಂಟಲ್ ಕಳಪೆ ಹಿಂಡಿಗೋ ಮೀನಿನ ಪುಡಿಗೋ ಒಂದು ಕಿಲೋ ಯೂರಿಯಾ ಬೆರೆಸಿದರೆ ಕಾಗದದ ಮೇಲೆ ಪ್ರೋಟೀನ್ ಸುಮಾರು ಮೂರು ಅಂಕ ಏರುತ್ತದೆ, ಕೋಳಿಗೆ ಮೂರು ಕಾಸಿನ ಲಾಭವಿಲ್ಲ. ನಾವು ಮಿಲ್ಲಿನಲ್ಲಿ ಅನುಮಾನ ಬಂದ ಮಾಲನ್ನು ಸೀಸೆಗೆ ಹಾಕಿ, ಹಸಿ ಸೋಯಾ ಕಾಳಿನ ಹಿಟ್ಟು ಮತ್ತು ಉಗುರುಬೆಚ್ಚಗಿನ ನೀರು ಸೇರಿಸಿ ಮುಚ್ಚಿಡುತ್ತಿದ್ದೆವು. ಸ್ವಲ್ಪ ಹೊತ್ತಿನ ನಂತರ ಮುಚ್ಚಳ ತೆಗೆದಾಗ ಅಮೋನಿಯ ಮೂಗಿಗೆ ಹೊಡೆದರೆ ಲಾರಿ ವಾಪಸ್. ಹಸಿ ಸೋಯಾದಲ್ಲಿ ಯೂರಿಯಾವನ್ನು ಒಡೆಯುವ ಕಿಣ್ವ ಇರುತ್ತದೆ, ಅದರ ಕೆಲಸ ಅದು.

ಹಸಿ ಸೋಯಾ ಎಂದಾಗ ನೆನಪಾಯಿತು. ಕಾಳನ್ನೇ ಗಿರಣಿಯಲ್ಲಿ ಬೀಸಿಸಿ ತಿನ್ನಿಸಿದರೆ ಅಗ್ಗವಲ್ಲವೇ ಎಂದು ಕೇಳುವವರು ಇದ್ದಾರೆ. ಹುರಿಯದ ಕಾಳು ಪ್ರೋಟೀನ್ ಜೀರ್ಣವಾಗುವುದನ್ನೇ ತಡೆಯುತ್ತದೆ. ಮಾಡಬೇಡಿ.

ರಾಯಚೂರಿನಿಂದ

ಅಣ್ಣನವರ ಲೆಕ್ಕವೆಲ್ಲ ಚೆನ್ನಾಗಿದೆ, ಆದರೆ ಅವರ ಲೆಕ್ಕದಲ್ಲಿ ನಮ್ಮ ಬಿಸಿಲು ಬರಲಿಲ್ಲ. ನಾನು ಸಾವಿರ ಕೋಳಿಯ ಶೆಡ್ ನಡೆಸುತ್ತೇನೆ. ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಚೀಲದ ಮೇಲೆ 20 ಎಂದು ಬರೆದಿದ್ದರೂ ಒಂದೇ, 22 ಎಂದಿದ್ದರೂ ಒಂದೇ. ತಿಂದರೆ ತಾನೇ? ನೂರು ಗ್ರಾಂ ತಿನ್ನುವ ಕೋಳಿಗೆ ಶೇ. 20ರ ಫೀಡ್‌ನಿಂದ ಇಪ್ಪತ್ತು ಗ್ರಾಂ ಪ್ರೋಟೀನ್ ಸಿಗುತ್ತದೆ. ಎಂಬತ್ತೇ ಗ್ರಾಂ ತಿಂದರೆ ಹದಿನಾರು.

ಹಾಗೆಂದು ಪ್ರೋಟೀನ್ ಏರಿಸಲು ಹೋಗಬೇಡಿ, ನಾನು ಏರಿಸಿ ಕೆಟ್ಟಿದ್ದೇನೆ. ಹೆಚ್ಚಾದರೆ ಒಳ್ಳೆಯದೆಂದು ಪ್ರಿಸ್ಟಾರ್ಟರ್‌ಗೆ ಸೋಯಾ ಹಿಂಡಿ ಬೆರೆಸಿದ್ದೆ. ಅದೇ ವಾರ ಕರೆಂಟ್ ಕೈಕೊಟ್ಟು ಅರ್ಧ ದಿನ ಟ್ಯಾಂಕ್ ಖಾಲಿ. ಮರುದಿನದಿಂದ ಮರಿಗಳು ಸಾಯತೊಡಗಿದವು. ಪಶು ವೈದ್ಯರು ಒಂದನ್ನು ಕೊಯ್ದು ತೋರಿಸಿದರು: ಹೃದಯ, ಪಿತ್ತಜನಕಾಂಗದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಗೌಟ್ ಎಂದರು, ಯೂರಿಕ್ ಆಮ್ಲ ಹೊರಹೋಗದೆ ಮೈಯೊಳಗೇ ಗಟ್ಟಿಯಾಗುವ ರೋಗ. ನೀರು ನಿಂತದ್ದು ಬೆಂಕಿ, ನಿನ್ನ ಹಿಂಡಿ ಅದಕ್ಕೆ ಸುರಿದ ತುಪ್ಪ ಎಂದು ಬೈದೇ ಹೋದರು.

ಪ್ರೋಟೀನ್ ಜೀರ್ಣವಾಗುವಾಗ ಮೈಯಲ್ಲಿ ಬಿಸಿ ಹೆಚ್ಚು ಹುಟ್ಟುತ್ತದೆ, ಎಣ್ಣೆಯಿಂದ ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ಪ್ರೋಟೀನ್ ಏರಿಸುವ ಬದಲು ಮೆಥಿಯೋನಿನ್, ಲೈಸಿನ್ ಸರಿಪಡಿಸಿ, ಶಕ್ತಿಗೆ ಸ್ವಲ್ಪ ಎಣ್ಣೆ ಸೇರಿಸುವುದು ಮೇಲು. ನಾನು ಬೆಳಿಗ್ಗೆ ಹತ್ತೂವರೆಗೆ ಫೀಡ್ ತಟ್ಟೆ ಮೇಲೆತ್ತುತ್ತೇನೆ, ಸಂಜೆ ಐದಕ್ಕೆ ಇಳಿಸುತ್ತೇನೆ. ರಾತ್ರಿ ದೀಪ ಹಾಕಿ ತಂಪಿನಲ್ಲಿ ತಿನ್ನಿಸುತ್ತೇನೆ. ನೀರಿನ ಟ್ಯಾಂಕ್‌ಗೆ ಗೋಣಿಚೀಲ ಸುತ್ತಿ ಒದ್ದೆ ಮಾಡುತ್ತೇನೆ.

ಕುಷ್ಟಗಿಯಿಂದ

ಮೆಕ್ಕೆಜೋಳ ಬೇಕಿದ್ದರೆ ನಮ್ಮ ಕಡೆ ಬನ್ನಿ, ಆದರೆ ಒಣಗಿದ್ದನ್ನೇ ಒಯ್ಯಿರಿ. ತೇವ ಶೇ. 12ರೊಳಗೆ ಇರಲಿ. ಮಳೆಯಲ್ಲಿ ನೆನೆದ ರಾಶಿಯಲ್ಲಿ ಬೂಷ್ಟು, ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ. ಶೇಂಗಾ ಹಿಂಡಿಗೂ ಅದೇ ಶಾಪ, ಮೇಲಾಗಿ ಲೈಸಿನ್, ಮೆಥಿಯೋನಿನ್ ಎರಡೂ ಕಡಿಮೆ. ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಲೈಸಿನ್ ಕಡಿಮೆ, ನಾರು ಹೆಚ್ಚು, ಸ್ವಲ್ಪವೇ ಸಾಕು. ಹತ್ತಿಕಾಳು ಹಿಂಡಿ ಎಮ್ಮೆಗೆ ಹಾಕಿ, ಅದರಲ್ಲಿರುವ ಗಾಸಿಪಾಲ್ ಎಂಬ ವಿಷದ ಅಂಶ ಕೋಳಿಗೆ ಒಗ್ಗದು. ನೀರಿನ ಮೇಲೆ ಬೆಳೆಯುವ ಅಜೋಲಾ ಸಸ್ಯದಿಂದ ಫೀಡ್ ಖರ್ಚು ಅರ್ಧವಾಗುತ್ತದೆ ಎನ್ನುವವರನ್ನು ನಂಬಬೇಡಿ. ಒಂದು ಕಿಲೋ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರು. ಪ್ರೋಟೀನ್ ಹದಿನೈದು ಗ್ರಾಂ ಸಿಕ್ಕರೆ ಹೆಚ್ಚು. ನಾಟಿ ಕೋಳಿಗೆ ಸರಿ.

ಕಾರಟಗಿ ಕಡೆಯಿಂದ

ಎಲ್ಲರಿಗೂ ಧನ್ಯವಾದ. ರಾಯಚೂರಿನ ಅಕ್ಕ ಹೇಳಿದ ಸುಣ್ಣದ ಮಾತು ಓದಿ ಮೊದಲು ಟ್ಯಾಂಕ್ ನೋಡಿ ಬಂದೆ. ಬಳ್ಳಾರಿ ಅಣ್ಣಾ, ಈ ಬ್ಯಾಚ್‌ಗೆ ನಾನೇನು ಮಾಡಲಿ ಹೇಳಿ.

ಬಳ್ಳಾರಿಯಿಂದ

ಆರುನೂರು ಕೋಳಿ ಎರಡು ಕಿಲೋ ಮುಟ್ಟಲು ಸುಮಾರು ಎರಡು ಟನ್ ಫೀಡ್, ಅಂದರೆ 50 ಕಿಲೋದ ನಲವತ್ತು ಚೀಲ. ಅದರಲ್ಲಿ ಪ್ರಿಸ್ಟಾರ್ಟರ್ ಎರಡೇ ಚೀಲ, ಸ್ಟಾರ್ಟರ್ ಹನ್ನೆರಡು. ಮಿಕ್ಕ ಇಪ್ಪತ್ತಾರು ಫಿನಿಶರ್. ಮೊದಲ ಹದಿನಾಲ್ಕು ಚೀಲಕ್ಕೆ ಕೈ ಹಚ್ಚಬೇಡ, ಕೊಂಡದ್ದನ್ನು ಹಾಗೆಯೇ ಹಾಕು. ನಲವತ್ತು ಗ್ರಾಂನ ಮರಿ ಏಳನೇ ದಿನಕ್ಕೆ ನಾಲ್ಕು ಪಟ್ಟು ದಾಟಿರಬೇಕು. ಅಲ್ಲಿ ಹಿಂದೆ ಬಿದ್ದದ್ದು ಮುಂದೆ ಕೂಡಿಬರುವುದಿಲ್ಲ. ನುಚ್ಚಕ್ಕಿಯ ಆಸೆ ಬಿಡದಿದ್ದರೆ ಮೂರು ವಾರದ ಮೇಲೆ ಧಾನ್ಯ ಬೆರೆಸಲೆಂದೇ ಮಾರುವ ಬ್ರಾಯ್ಲರ್ ಕಾನ್ಸಂಟ್ರೇಟ್ ತಂದು, ಚೀಲದ ಮೇಲೆ ಬರೆದ ಪ್ರಮಾಣದಲ್ಲಿ ಜೋಳದ ಅರ್ಧ ಪಾಲಿಗೆ ನುಚ್ಚಕ್ಕಿ ಹಾಕು. ಅದೂ ಐವತ್ತು ಕೋಳಿಯನ್ನು ಜಾಲರಿ ಕಟ್ಟಿ ಬೇರೆ ಮಾಡಿ, ಅವಕ್ಕೆ ಮಾತ್ರ. ಎರಡೂ ಕಡೆಯ ಹತ್ತತ್ತು ಕೋಳಿಯನ್ನು ವಾರಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆದಿಡು.

ಕಾರಟಗಿ ಕಡೆಯಿಂದ

ಆಗಲಿ ಅಣ್ಣಾ. ಮರಿ ಗುರುವಾರ ಬರುತ್ತವೆ. ಗಂಗಾವತಿಯಲ್ಲಿ ಯಾರ ಬಳಿಯಾದರೂ ಹಳೆಯ ಎಲೆಕ್ಟ್ರಾನಿಕ್ ತಕ್ಕಡಿ ಇದೆಯೇ? ಐದು ಗ್ರಾಂ ತೋರಿಸುವಂಥದ್ದು ಇದ್ದರೆ ಹೇಳಿ, ಬುಧವಾರ ಬಂದು ಒಯ್ಯುತ್ತೇನೆ.