ಅಪ್‌ಡೇಟ್: ಹೊಸ ಆನ್‌ಲೈನ್ ಗೇಮ್‌ನ ಲ್ಯಾಗ್ ಸಮಸ್ಯೆ ಸರಿಹೋಯಿತು
ಹೋದ ವಾರ ಕೇಳಿದ್ದೆ: ಹೊಸ ಮಲ್ಟಿಪ್ಲೇಯರ್ ಗೇಮ್‌ನಲ್ಲಿ ನನ್ನ ಪಾತ್ರ ನಾಲ್ಕು ಹೆಜ್ಜೆ ಓಡಿ ಮತ್ತೆ ಹಿಂದಕ್ಕೇ ಬಂದು ನಿಲ್ಲುತ್ತೆ, ಏನು ಮಾಡಲಿ ಅಂತ. ಗ್ರಾಫಿಕ್ಸ್ ಕಡಿಮೆ ಮಾಡಿದೆ, ಪ್ರಯೋಜನ ಆಗಲಿಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿದರೂ ಅದೇ ಕಥೆ. ಕೊನೆಗೆ ಕೈ ಹಿಡಿದದ್ದು "ಯಾವ ಸರ್ವರ್‌ನಲ್ಲಿದ್ದೀರಿ, ಮೊದಲು ನೋಡಿ" ಅಂದವರ ಸಲಹೆ. ತುಂಬಾ ಥ್ಯಾಂಕ್ಸ್! ನಾನು ಗೊತ್ತಿಲ್ಲದೆ ದೂರದ ಸರ್ವರ್ ಆರಿಸಿದ್ದೆ. ಬದಲಿಸಿದ ಮೇಲೆ ಪಿಂಗ್ (ಗೇಮ್ ನಡೆಸುವ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) 280ರಿಂದ 45 ಮಿಲಿಸೆಕೆಂಡಿಗೆ ಇಳಿಯಿತು.

ಒಂದು ಮಾತ್ರ ಮೊದಲೇ ತಿಳಿದಿರಲಿ. ಈ ಗೇಮ್‌ನಲ್ಲಿ ಸರ್ವರ್ ಬದಲಿಸಿದರೆ ಹಳೆಯ ಪಾತ್ರ ಜೊತೆಗೆ ಬರಲ್ಲ. 18ನೇ ಲೆವೆಲ್‌ನ ಕತ್ತಿವೀರನನ್ನು ಬಿಟ್ಟು ಬರಬೇಕಾಯಿತು, ಬೇಜಾರಾಯಿತು. ಈ ಸಲ ಹೀಲರ್, ಅಂದರೆ ಜೊತೆಗಾರರ ಗಾಯ ವಾಸಿ ಮಾಡುವ ಪಾತ್ರ, ತಗೊಂಡೆ. ಜೊತೆಗಾರನ ಜೀವ ಇನ್ನೇನು ಹೋಯಿತು ಅನ್ನುವಾಗ ಸರಿಯಾಗಿ ನನ್ನ ಮಂತ್ರ ಬಿತ್ತು ನೋಡಿ, ಆ ಖುಷಿ ಕತ್ತಿ ಬೀಸುವಾಗ ಸಿಕ್ಕಿರಲಿಲ್ಲ.